ಹಾರ್ವರ್ಡ್ ಆಚೆಯ ಅಮೆರಿಕ: ಸಣ್ಣ ಕಾಲೇಜುಗಳ ಸಂಶೋಧನಾ ಜಾಲಕ್ಕೆ ಆಳುವ ಪಕ್ಷದವರೇ ಕಾವಲು ನಿಂತದ್ದೇಕೆ?

ಅಮೆರಿಕದ ವೈದ್ಯಕೀಯ ಸಂಶೋಧನೆಯ ಬಗ್ಗೆ 2025ರಲ್ಲಿ ಬಂದ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ತಲೆಬುಡ ತಿಳಿಯುವುದಿಲ್ಲ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ವಿಶ್ವವಿದ್ಯಾಲಯಗಳಿಗೆ ಸಂಶೋಧನೆಯ ನೇರ ಖರ್ಚಿನ ಮೇಲೆ ವಿದ್ಯುತ್, ಕಟ್ಟಡ, ಲೆಕ್ಕಪತ್ರದಂಥವಕ್ಕೆಂದು ಕೊಡುವ ‘ಪರೋಕ್ಷ ವೆಚ್ಚ’ವನ್ನು ಶೇ 15ಕ್ಕೆ ಇಳಿಸುವುದಾಗಿ ಫೆಬ್ರುವರಿ 7ರಂದು ಪ್ರಕಟಿಸಿತು. ಮೂರೇ ದಿನಗಳಲ್ಲಿ ನ್ಯಾಯಾಲಯ ತಾತ್ಕಾಲಿಕ ತಡೆ ಕೊಟ್ಟಿತು. ಏಪ್ರಿಲ್‌ನಲ್ಲಿ ಅದೇ ಶಾಶ್ವತ ತಡೆಯಾಯಿತು. ಅಷ್ಟರಲ್ಲಿ ಟ್ರಂಪ್ ಸರ್ಕಾರ 2026ರ ಬಜೆಟ್ ಪ್ರಸ್ತಾವದಲ್ಲಿ ಎನ್‌ಐಎಚ್ ಅನುದಾನವನ್ನು ಸುಮಾರು ಶೇ 40ರಷ್ಟು ಕತ್ತರಿಸಿ, ಅದರಡಿಯ 27 ಸಂಸ್ಥೆ ಮತ್ತು ಕೇಂದ್ರಗಳನ್ನು 8ಕ್ಕೆ ಕುಗ್ಗಿಸಲು ಹೊರಟಿತು. ಜುಲೈ ತಿಂಗಳಲ್ಲಿ ಸೆನೆಟ್‌ನ ಅನುದಾನ ಸಮಿತಿ ಸೇರಿತು. ಅಲ್ಲಿ ಬಹುಮತ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ್ದು. ಆದರೆ ಸಮಿತಿ ಕಡಿತದ ಪ್ರಸ್ತಾವವನ್ನು ಪಕ್ಕಕ್ಕೆ ಸರಿಸಿ, ಇರುವುದಕ್ಕಿಂತ ಸುಮಾರು 40 ಕೋಟಿ ಡಾಲರ್ ಹೆಚ್ಚಿಗೆ ಕೊಡಬೇಕೆಂದು ಮಸೂದೆ ಬರೆಯಿತು.

ಸ್ವಂತ ಪಕ್ಷದ ಅಧ್ಯಕ್ಷರ ಮಾತನ್ನು ಸೆನೆಟರ್‌ಗಳು ಯಾಕೆ ಕೇಳಲಿಲ್ಲ? ‘ಹಾರ್ವರ್ಡ್‌ಗೂ ಟ್ರಂಪ್‌ಗೂ ಜಗಳ’ ಎಂಬ ಒಂದೇ ಕನ್ನಡಕದಲ್ಲಿ ಈ ವಿದ್ಯಮಾನವನ್ನು ನೋಡಿದರೆ ಉತ್ತರ ಕಾಣುವುದಿಲ್ಲ. ಉತ್ತರದ ದೊಡ್ಡ ಪಾಲು ಇರುವುದು ಮೇಯ್ನ್, ಮೊಂಟಾನ, ವೆಸ್ಟ್ ವರ್ಜೀನಿಯಾ, ಅರ್ಕನ್ಸಾ ಮುಂತಾದ, ನಮ್ಮ ಪತ್ರಿಕೆಗಳಲ್ಲಿ ಚುನಾವಣೆಯ ದಿನ ಬಿಟ್ಟರೆ ಮತ್ತೆಂದೂ ಕಾಣದ ರಾಜ್ಯಗಳಲ್ಲಿ. ಅಲ್ಲಿ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಸದ್ದಿಲ್ಲದೆ ಬೆಳೆದ ಕಾಲೇಜುಗಳ ಸಂಶೋಧನಾ ಜಾಲವೊಂದಿದೆ. ಅದರ ಹೆಸರು ಇನ್‌ಬ್ರೆ.

ಇಪ್ಪತ್ಮೂರು ರಾಜ್ಯಗಳ ಪಟ್ಟಿ

ಎನ್‌ಐಎಚ್ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಕೊಡುವ ಸಾರ್ವಜನಿಕ ವೈದ್ಯಕೀಯ ಸಂಶೋಧನಾ ಸಂಸ್ಥೆ. ವರ್ಷಕ್ಕೆ ಹತ್ತಿರ ಹತ್ತಿರ 4,800 ಕೋಟಿ ಡಾಲರ್. ಈ ಹಣ ರಾಜ್ಯವಾರು ಹಂಚಿಕೆಯಾಗುವುದಿಲ್ಲ. ವಿಜ್ಞಾನಿ ಅರ್ಜಿ ಹಾಕುತ್ತಾರೆ, ಅದೇ ಕ್ಷೇತ್ರದ ತಜ್ಞರು ಅಂಕ ಕೊಡುತ್ತಾರೆ, ಅಂಕ ಬಂದವರಿಗೆ ಹಣ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಳ್ಳೆಯ ಅರ್ಜಿ ಬರೆಯಲು ಪ್ರಾಥಮಿಕ ಫಲಿತಾಂಶಗಳು ಬೇಕು; ಫಲಿತಾಂಶಕ್ಕೆ ಉಪಕರಣ ಬೇಕು; ಉಪಕರಣಕ್ಕೆ ಹಣ ಬೇಕು; ಹಣಕ್ಕೆ ಒಳ್ಳೆಯ ಅರ್ಜಿ ಬೇಕು. ಈ ಗಾಣದೊಳಗೆ ಮೊದಲೇ ಇದ್ದವರಿಗೆ ಎಣ್ಣೆ ಸಿಗುತ್ತಲೇ ಹೋಗುತ್ತದೆ. ಮ್ಯಾಸಚೂಸೆಟ್ಸ್ ಒಂದೇ ರಾಜ್ಯ ವರ್ಷಕ್ಕೆ 300 ಕೋಟಿ ಡಾಲರ್ ಮೀರಿ ಪಡೆಯುತ್ತದೆ. ವಯೋಮಿಂಗ್‌ನ ಜನಸಂಖ್ಯೆ ಮ್ಯಾಸಚೂಸೆಟ್ಸ್‌ನ ಹನ್ನೆರಡನೇ ಒಂದು ಭಾಗದಷ್ಟಿದೆ. ಅಲ್ಲಿಗೆ ಸೇರುವ ಹಣ ಮ್ಯಾಸಚೂಸೆಟ್ಸ್‌ನ ನೂರರಲ್ಲೊಂದು ಪಾಲೂ ಇಲ್ಲ.

ಇದನ್ನು ಸರಿದೂಗಿಸಲು ಅಮೆರಿಕದ ಸಂಸತ್ತು 1993ರಲ್ಲಿ ಒಂದು ಕಾರ್ಯಕ್ರಮಕ್ಕೆ ಕಾನೂನಿನ ಆಧಾರ ಕೊಟ್ಟಿತು. ಅದರ ಹೆಸರು ‘ಇನ್‌ಸ್ಟಿಟ್ಯೂಷನಲ್ ಡೆವಲಪ್‌ಮೆಂಟ್ ಅವಾರ್ಡ್’, ಸಂಕ್ಷಿಪ್ತವಾಗಿ ‘ಐಡಿಯಾ’. ನಮ್ಮ ಹಳೆಯ ಮೊಬೈಲ್ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ಎನ್‌ಐಎಚ್ ಹಣ ಕಡಿಮೆ ಪಡೆಯುತ್ತಿದ್ದ 23 ರಾಜ್ಯಗಳು ಮತ್ತು ಪೋರ್ಟೊ ರಿಕೊ ಇದರ ವ್ಯಾಪ್ತಿಯಲ್ಲಿವೆ. ಮೊದಲ ಕೆಲವು ವರ್ಷ ಅನುದಾನ ಚಿಕ್ಕದಿತ್ತು. 2000ದ ಹೊತ್ತಿಗೆ ಒಂದೊಂದು ವಿಷಯದ ಸುತ್ತ ಒಂದೊಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಕೇಂದ್ರ ಕಟ್ಟುವ ಯೋಜನೆ ಬಂತು. 2001ರಲ್ಲಿ ಅದಕ್ಕಿಂತ ಭಿನ್ನವಾದ ಇನ್ನೊಂದು ಯೋಜನೆ ಶುರುವಾಯಿತು: ಒಂದು ರಾಜ್ಯಕ್ಕೆ ಒಂದೇ ಅನುದಾನ, ಅದು ಇಡೀ ರಾಜ್ಯದ ಕಾಲೇಜುಗಳ ಜಾಲಕ್ಕೆ. 2004ರಿಂದ ಅದನ್ನು ಇನ್‌ಬ್ರೆ ಎಂದು ಕರೆಯುತ್ತಾರೆ.

ರಚನೆ ಸರಳ. ರಾಜ್ಯದಲ್ಲಿ ಸಂಶೋಧನೆ ಗಟ್ಟಿಯಾಗಿರುವ ಒಂದು ಸಂಸ್ಥೆ ಮುಂದಾಳು. ಅರ್ಕನ್ಸಾದಲ್ಲಿ ಲಿಟಲ್ ರಾಕ್ ನಗರದ ವೈದ್ಯವಿಜ್ಞಾನ ವಿಶ್ವವಿದ್ಯಾಲಯ, ಮೊಂಟಾನದಲ್ಲಿ ಬೋಜ್‌ಮನ್‌ನ ಸ್ಟೇಟ್ ಯೂನಿವರ್ಸಿಟಿ, ಮೇಯ್ನ್‌ನಲ್ಲಿ ಮೌಂಟ್ ಡೆಸರ್ಟ್ ದ್ವೀಪದ, 1898ರಿಂದ ನಡೆದುಬಂದಿರುವ ಜೀವವಿಜ್ಞಾನ ಪ್ರಯೋಗಾಲಯ. ಮುಂದಾಳಿನ ಜೊತೆಗೆ ಪದವಿ ಕಾಲೇಜುಗಳು, ಎರಡು ವರ್ಷದ ಸಮುದಾಯ ಕಾಲೇಜುಗಳು, ಮೂಲನಿವಾಸಿ ಬುಡಕಟ್ಟುಗಳೇ ನಡೆಸುವ ಕಾಲೇಜುಗಳು ಸೇರುತ್ತವೆ. ಐದು ವರ್ಷಕ್ಕೆ ಒಂದು ರಾಜ್ಯಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಕೋಟಿ ಡಾಲರ್. ಇಡೀ ‘ಐಡಿಯಾ’ ಕಾರ್ಯಕ್ರಮಕ್ಕೆ ವರ್ಷಕ್ಕೆ 40 ಕೋಟಿ ಡಾಲರ್ ದಾಟಿ ಸ್ವಲ್ಪ. ಎನ್‌ಐಎಚ್‌ನ ನೂರು ಡಾಲರ್‌ನಲ್ಲಿ ಒಂದು ಡಾಲರ್‌ಗಿಂತ ಕಡಿಮೆ.

ಹಣಕ್ಕಿಂತ ದುಬಾರಿ ವಸ್ತು: ಮೇಷ್ಟರ ಸಮಯ

ಸಂಶೋಧನಾ ಸಾಮರ್ಥ್ಯ ಎಂದೊಡನೆ ನಮಗೆ ಹೊಳೆಯುವುದು ಕಟ್ಟಡ ಮತ್ತು ಯಂತ್ರ. ಇನ್‌ಬ್ರೆ ಜಾಲವನ್ನು ಹತ್ತಿರದಿಂದ ನೋಡಿದರೆ ಬೇರೆಯದೇ ಕೊರತೆ ಎದ್ದು ಕಾಣುತ್ತದೆ.

ಸಣ್ಣ ಪದವಿ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕರು ಒಂದು ಸೆಮಿಸ್ಟರ್‌ನಲ್ಲಿ ನಾಲ್ಕು ಪತ್ರಿಕೆ ಪಾಠ ಮಾಡುವುದು ಅಲ್ಲಿ ಸಾಮಾನ್ಯ. ಅಂದರೆ ವಾರಕ್ಕೆ ಹನ್ನೆರಡು ಗಂಟೆ ತರಗತಿ, ಅದರ ಮೇಲೆ ಪ್ರಯೋಗ ತರಗತಿ, ಉತ್ತರಪತ್ರಿಕೆ, ವಿದ್ಯಾರ್ಥಿ ಸಲಹೆ. ಇವರ ಕೈಗೆ ಐವತ್ತು ಸಾವಿರ ಡಾಲರ್ ಕೊಟ್ಟು ಸಂಶೋಧನೆ ಮಾಡಿ ಎಂದರೆ ಹಣ ಖರ್ಚಾಗುತ್ತದೆ, ಸಂಶೋಧನೆ ಆಗುವುದಿಲ್ಲ. ಆದ್ದರಿಂದ ಇನ್‌ಬ್ರೆ ಹಣದಲ್ಲಿ ಮೊದಲು ಕೊಳ್ಳುವುದು ಸಮಯವನ್ನು. ಅಧ್ಯಾಪಕರ ಎರಡು ಪತ್ರಿಕೆಗಳನ್ನು ಬೇರೊಬ್ಬರು ಪಾಠ ಮಾಡುತ್ತಾರೆ. ಅವರ ಸಂಬಳ ಅನುದಾನದಿಂದ ಹೋಗುತ್ತದೆ. ಉಳಿದ ಗಂಟೆಗಳು ಪ್ರಯೋಗಾಲಯಕ್ಕೆ. ಜೊತೆಗೆ ಮುಂದಾಳು ಸಂಸ್ಥೆಯ ಅನುಭವಿ ವಿಜ್ಞಾನಿಯೊಬ್ಬರನ್ನು ಮಾರ್ಗದರ್ಶಕರಾಗಿ ಗೊತ್ತುಮಾಡುತ್ತಾರೆ. ಅರ್ಜಿ ಬರೆಯುವ ಹದ ಅಲ್ಲಿಂದ ಬರುತ್ತದೆ.

ಎರಡನೆಯದು ಹಂಚಿಕೊಳ್ಳುವ ಉಪಕರಣ. ಪ್ರೋಟೀನ್‌ಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರವನ್ನು ಸಾವಿರ ವಿದ್ಯಾರ್ಥಿಗಳ ಕಾಲೇಜು ಕೊಳ್ಳಬಾರದು. ಕೊಂಡರೆ ಮೊದಲ ವರ್ಷ ರಿಬ್ಬನ್ ಕತ್ತರಿಸುತ್ತಾರೆ, ಎರಡನೇ ವರ್ಷ ನಿರ್ವಹಣೆಯ ಬಿಲ್ ಬರುತ್ತದೆ, ಮೂರನೇ ವರ್ಷ ಅದರ ಮೇಲೆ ಹೊದಿಕೆ ಬೀಳುತ್ತದೆ. ಜಾಲದಲ್ಲಿ ಯಂತ್ರ ಮುಂದಾಳು ಸಂಸ್ಥೆಯಲ್ಲಿರುತ್ತದೆ, ಅದನ್ನೇ ದಿನವಿಡೀ ನಡೆಸುವ ತಂತ್ರಜ್ಞರೂ ಅಲ್ಲೇ. ಕಾಲೇಜಿನವರು ಮಾದರಿಯನ್ನು ಡ್ರೈ ಐಸ್ ತುಂಬಿದ ಡಬ್ಬಿಯಲ್ಲಿ ಕೊರಿಯರ್ ಮಾಡುತ್ತಾರೆ. ಫಲಿತಾಂಶದ ಕಡತ ಕಂಪ್ಯೂಟರ್‌ಗೆ ಬರುತ್ತದೆ. ಅದನ್ನು ಓದಿ ಅರ್ಥ ಹೇಳುವ ಜೈವಿಕ ದತ್ತಾಂಶ ಪರಿಣತರೂ ಜಾಲದ ಸಾಮಾನ್ಯ ಆಸ್ತಿ.

ಮೂರನೆಯದು ಬೇಸಿಗೆ. ಪದವಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹತ್ತು ವಾರ ಸ್ಟೈಪೆಂಡ್ ಪಡೆದು ಪ್ರಯೋಗಾಲಯದಲ್ಲಿ ದುಡಿಯುತ್ತಾರೆ. ಇದನ್ನು ಔದಾರ್ಯ ಎಂದು ತಿಳಿಯಬಾರದು. ಬೇಸಿಗೆಯಲ್ಲಿ ಹೋಟೆಲಿನಲ್ಲಿ ಕೆಲಸ ಮಾಡಿ ಮುಂದಿನ ವರ್ಷದ ಫೀ ಹೊಂದಿಸಬೇಕಾದ ಹುಡುಗಿಗೆ ಸಂಬಳವಿಲ್ಲದ ಪ್ರಯೋಗಾಲಯ ಮುಚ್ಚಿದ ಬಾಗಿಲು. ಸಂಬಳ ಕೊಟ್ಟರೆ ಮಾತ್ರ ಅವಳು ಪಿಪೆಟ್ ಹಿಡಿಯುತ್ತಾಳೆ.

ಮೊಂಟಾನದ ಕ್ರೋ ಬುಡಕಟ್ಟಿನ ಕಾಲೇಜು ಲಿಟಲ್ ಬಿಗ್ ಹಾರ್ನ್. ಅಲ್ಲಿನ ಸಮುದಾಯದವರು, ವಿದ್ಯಾರ್ಥಿಗಳು ಮತ್ತು ಬೋಜ್‌ಮನ್‌ನ ವಿಜ್ಞಾನಿಗಳು ಸೇರಿ ಮನೆ ಮನೆಯ ಬಾವಿ ನೀರನ್ನೂ ನದಿಯ ನೀರನ್ನೂ ವರ್ಷಗಟ್ಟಲೆ ಪರೀಕ್ಷಿಸಿದರು. ಕೆಲವು ಬಾವಿಗಳಲ್ಲಿ ಯುರೇನಿಯಂ, ಮ್ಯಾಂಗನೀಸ್, ಮಲಮೂಲದ ಬ್ಯಾಕ್ಟೀರಿಯಾ ಸಿಕ್ಕವು. ಹೊರಗಿನಿಂದ ಬಂದ ತಂಡವಾಗಿದ್ದರೆ ಮಾದರಿ ತೆಗೆದುಕೊಂಡು ಪ್ರಬಂಧ ಬರೆದು ಹೋಗಬಹುದಿತ್ತು. ಆದರೆ ಆ ನದಿಯ ನೀರು ಕ್ರೋ ಜನರ ಆಚರಣೆಗಳಲ್ಲಿ ಬಳಕೆಯಾಗುತ್ತದೆ. ಎಲ್ಲಿಯ ನೀರನ್ನು ಯಾರು ಯಾವಾಗ ಕುಡಿಯುತ್ತಾರೆ ಎಂಬುದು ಊರಿನವರಿಗೆ ಮಾತ್ರ ಗೊತ್ತಿರುವ ವಿಷಯ. ಪ್ರಶ್ನೆಯನ್ನು ಎಲ್ಲಿಂದ ಕೇಳಬೇಕೆಂಬುದೇ ಅಲ್ಲಿ ಸಂಶೋಧನೆಯ ಅರ್ಧ ಕೆಲಸವಾಗಿತ್ತು.

ರೋಗ ಇರುವಲ್ಲಿ ಕಣ್ಣೂ ಇರಬೇಕು

1993ರಲ್ಲೇ, ‘ಐಡಿಯಾ’ಕ್ಕೆ ಕಾನೂನು ಬಂದ ವರ್ಷವೇ, ನ್ಯೂ ಮೆಕ್ಸಿಕೊ ಮತ್ತು ಸುತ್ತಲಿನ ಮೂರು ರಾಜ್ಯಗಳ ಗಡಿ ಕೂಡುವ ಪ್ರದೇಶದಲ್ಲಿ ಆರೋಗ್ಯವಂತ ಯುವಕರು ಉಸಿರುಕಟ್ಟಿ ಸಾಯತೊಡಗಿದರು. ಕೆಲವೇ ವಾರಗಳಲ್ಲಿ ಕಾರಣ ಸಿಕ್ಕಿತು: ಕಾಡಿನ ಇಲಿಯೊಂದರಿಂದ ಹರಡುವ ಹಂಟಾ ವೈರಸ್. ವೈರಸ್ ಗುರುತಿಸಿದ ಕೀರ್ತಿ ಅಟ್ಲಾಂಟದ ರೋಗ ನಿಯಂತ್ರಣ ಕೇಂದ್ರಕ್ಕೆ ಹೋಯಿತು, ನ್ಯಾಯವೇ. ಆದರೆ ಅದು ಯಾಕೆ ಆ ವರ್ಷವೇ ಬಂತು ಎಂಬ ಪ್ರಶ್ನೆಗೆ ಉತ್ತರ ನ್ಯೂ ಮೆಕ್ಸಿಕೊದಲ್ಲೇ ಇತ್ತು. ಅಲ್ಲಿನ ಪರಿಸರ ವಿಜ್ಞಾನಿಗಳು ಯಾವ ರೋಗದ ಸುಳಿವೂ ಇಲ್ಲದೆ ವರ್ಷಗಳಿಂದ ಇಲಿ ಎಣಿಸುತ್ತಿದ್ದರು. ಎಲ್ ನಿನ್ಯೊ ಮಳೆ ಹೆಚ್ಚಾಗಿ, ಕಾಡಿನಲ್ಲಿ ಆಹಾರ ಹೆಚ್ಚಾಗಿ, ಇಲಿಗಳ ಸಂಖ್ಯೆ ಹಲವು ಪಟ್ಟು ಏರಿದ್ದು ಅವರ ಪುಸ್ತಕದಲ್ಲಿ ದಾಖಲಾಗಿತ್ತು. ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಹಳೆಯ ಇಲಿಗಳ ಅಂಗಾಂಶ ಪರೀಕ್ಷಿಸಿದಾಗ ವೈರಸ್ ಮೊದಲೇ ಅಲ್ಲಿತ್ತು ಎಂಬುದೂ ಗೊತ್ತಾಯಿತು.

ಈ ಎಣಿಕೆಗೆ, ಈ ಫ್ರೀಜರ್‌ಗೆ, ಅದಕ್ಕಿಂತ ಹಿಂದಿನ ವರ್ಷ ಯಾರಾದರೂ ‘ಇದರ ಉಪಯೋಗವೇನು’ ಎಂದು ಕೇಳಿದ್ದರೆ ಬಾಯಿಬಿಟ್ಟು ಹೇಳುವಂಥ ಉತ್ತರ ಇರಲಿಲ್ಲ. ಚದುರಿದ ಸಂಶೋಧನಾ ಸಾಮರ್ಥ್ಯದ ಪರವಾದ ಅತಿ ಬಲವಾದ ವಾದ ಇದೇ. ಬಜೆಟ್ ಚರ್ಚೆಯಲ್ಲಿ ಅತಿ ಸುಲಭವಾಗಿ ಸೋಲುವ ವಾದವೂ ಇದೇ.

ಶೇ 15ರ ಲೆಕ್ಕ

ಈಗ ಗೋಜಲಿನ ಗಂಟಿಗೆ ಬರೋಣ. ವಿಜ್ಞಾನಿಯ ಪ್ರಯೋಗಕ್ಕೆ ನೇರವಾಗಿ ತಗಲುವ ಸಂಬಳ, ರಾಸಾಯನಿಕ, ಪ್ರಯಾಣ ಇವು ನೇರ ವೆಚ್ಚ. ವಿದ್ಯುತ್, ಕಟ್ಟಡ, ಪ್ರಾಣಿಗೃಹ, ನೈತಿಕ ಪರಿಶೀಲನಾ ಸಮಿತಿ, ಅಪಾಯಕಾರಿ ತ್ಯಾಜ್ಯದ ವಿಲೇವಾರಿ, ಲೆಕ್ಕಪತ್ರ ವಿಭಾಗ ಇವು ಪರೋಕ್ಷ ವೆಚ್ಚ. ಪ್ರತಿ ವಿಶ್ವವಿದ್ಯಾಲಯವೂ ಸರ್ಕಾರದೊಂದಿಗೆ ಚೌಕಾಶಿ ಮಾಡಿ ತನ್ನ ದರ ಗೊತ್ತುಪಡಿಸಿಕೊಳ್ಳುತ್ತದೆ. ಹಾರ್ವರ್ಡ್‌ನ ದರ ಶೇ 69. ಇದನ್ನು ಓದಿದವರು ನೂರು ಡಾಲರ್‌ನಲ್ಲಿ 69 ಡಾಲರ್ ಕಚೇರಿ ಖರ್ಚಿಗೆ ಹೋಯಿತೆಂದು ಹೌಹಾರುತ್ತಾರೆ. ಹಾಗಲ್ಲ. ನೇರ ವೆಚ್ಚದ ನೂರರ ಮೇಲೆ 69 ಸೇರಿಸಿ 169 ಕೊಡುತ್ತಾರೆ. ಅಂದರೆ ಒಟ್ಟು ಹಣದಲ್ಲಿ ಅದು ಶೇ 41ರ ಆಸುಪಾಸು. ದೊಡ್ಡ ಉಪಕರಣಗಳ ಬೆಲೆಯ ಮೇಲೆ ಈ ದರ ಲೆಕ್ಕಕ್ಕೆ ಬರುವುದೂ ಇಲ್ಲ. ಇಡೀ ದೇಶದ ಲೆಕ್ಕ ತೆಗೆದರೆ, 2023ರ ಹಣಕಾಸು ವರ್ಷದಲ್ಲಿ ಎನ್‌ಐಎಚ್ ಕೊಟ್ಟ ಸುಮಾರು 3,500 ಕೋಟಿ ಡಾಲರ್ ಅನುದಾನದಲ್ಲಿ 900 ಕೋಟಿ ಪರೋಕ್ಷ ವೆಚ್ಚ. ಹಾಗಿದ್ದರೂ ಮೂಗಿಗಿಂತ ಮೂಗುತಿ ಭಾರ ಎಂಬ ಟೀಕೆ ಪೂರ್ತಿ ಸುಳ್ಳೆಂದು ಹೇಳುವಂತಿಲ್ಲ. ದರ ನಿಗದಿಯ ಪದ್ಧತಿ ಹೊರಗಿನವರಿಗೆ ಅರ್ಥವಾಗದಷ್ಟು ಜಟಿಲವಾಗಿದೆ, ವಿಶ್ವವಿದ್ಯಾಲಯಗಳೂ ಅದನ್ನು ತಿಳಿಹೇಳುವ ಗೋಜಿಗೆ ಹೆಚ್ಚು ಹೋಗಲಿಲ್ಲ.

ಶೇ 15ರ ಮಿತಿ ಬಂದರೆ ಏನಾಗುತ್ತದೆ? ಎರಡು ಲಕ್ಷ ಡಾಲರ್ ನೇರ ವೆಚ್ಚದ ಒಂದು ಯೋಜನೆಗೆ ಶೇ 50ರ ದರವಿರುವ ವಿಶ್ವವಿದ್ಯಾಲಯ ಈಗ ಒಂದು ಲಕ್ಷ ಹೆಚ್ಚಿಗೆ ಪಡೆಯುತ್ತದೆ. ಮಿತಿಯಡಿ 30 ಸಾವಿರ ಮಾತ್ರ. ಹಾರ್ವರ್ಡ್ ಇದನ್ನು ದತ್ತಿನಿಧಿಯಿಂದ ಕೆಲವು ವರ್ಷ ತುಂಬಿಕೊಳ್ಳಬಲ್ಲದು. ರಾಜ್ಯ ಸರ್ಕಾರದ ಅನುದಾನ ಮತ್ತು ವಿದ್ಯಾರ್ಥಿಗಳ ಫೀ ನಂಬಿದ ವಿಶ್ವವಿದ್ಯಾಲಯಕ್ಕೆ ಆ ಆಸರೆ ಇಲ್ಲ.

ಇಲ್ಲೊಂದು ವಿಚಿತ್ರವಿದೆ. ಸರ್ಕಾರದೊಂದಿಗೆ ದರದ ಚೌಕಾಶಿ ಮಾಡಿಕೊಳ್ಳದ ಸಂಸ್ಥೆಗಳಿಗೆ ಕೇಂದ್ರ ನಿಯಮದ ಪ್ರಕಾರ ಸಿದ್ಧ ದರವೊಂದಿದೆ. 2024ರ ಅಕ್ಟೋಬರ್‌ನಿಂದ ಅದು ಶೇ 10ರಿಂದ ಶೇ 15ಕ್ಕೆ ಏರಿತ್ತು. ಹಾಗಾಗಿ ಈ ಸಿದ್ಧ ದರವನ್ನೇ ಪಡೆಯುವ ಪುಟ್ಟ ಕಾಲೇಜಿಗೆ ಹೊಸ ಮಿತಿಯಿಂದ ಕಾಗದದ ಮೇಲೆ ಒಂದು ಪೈಸೆ ನಷ್ಟವಿಲ್ಲ. ‘ಹಾಗಾದರೆ ಸಣ್ಣ ಕಾಲೇಜುಗಳು ಯಾಕೆ ಅಳಬೇಕು?’ ಎಂದು ಮಿತಿಯ ಸಮರ್ಥಕರು ಕೇಳುವುದಕ್ಕೆ ಇದು ದಾರಿ ಕೊಡುತ್ತದೆ.

ಜಾಲದ ಸ್ವರೂಪ ಗೊತ್ತಿದ್ದರೆ ಉತ್ತರ ಕಷ್ಟವಲ್ಲ. ಕಾಲೇಜಿನ ಮಾದರಿ ಹೋಗುವುದು ಮುಂದಾಳು ಸಂಸ್ಥೆಯ ಯಂತ್ರಕ್ಕೆ. ಆ ಯಂತ್ರದ ಕೋಣೆಯ ವಿದ್ಯುತ್, ಹವಾನಿಯಂತ್ರಣ, ನಿರ್ವಹಣೆಗೆ ಮುಂದಾಳಿನ ಪರೋಕ್ಷ ವೆಚ್ಚದ ಹಣವೇ ಆಧಾರ. ಆ ಹಣ ಕರಗಿದರೆ ಮುಂದಾಳು ಬಳಕೆ ಶುಲ್ಕ ಏರಿಸುತ್ತದೆ, ಇಲ್ಲವೇ ತಂತ್ರಜ್ಞರ ಹುದ್ದೆ ಖಾಲಿ ಬಿಡುತ್ತದೆ. ಸರದಿಯಲ್ಲಿ ಕೊನೆಗೆ ನಿಂತ ಹೊರಗಿನ ಕಾಲೇಜಿನ ಡಬ್ಬಿ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಕೆರೆಯ ತೂಬು ಕಿರಿದಾದರೆ ಮೊದಲು ಒಣಗುವುದು ಕಾಲುವೆಯ ಕೊನೆಯ ಗದ್ದೆ.

ಟೀಕಾಕಾರರ ಮಾತಿನಲ್ಲಿ ಹುರುಳಿದೆ

ಇನ್‌ಬ್ರೆಯಂಥ ಕಾರ್ಯಕ್ರಮಗಳ ವಿರುದ್ಧದ ವಾದ ಬರೀ ದೊಡ್ಡ ವಿಶ್ವವಿದ್ಯಾಲಯಗಳಿರುವ ಬೋಸ್ಟನ್‌ನ ಅಹಂಕಾರ ಎನ್ನುವಂತಿಲ್ಲ. ಮೊದಲ ಆಕ್ಷೇಪ: ಭೂಪಟ ನೋಡಿ ಹಣ ಕೊಟ್ಟರೆ ಹೆಚ್ಚು ಅಂಕ ಬಂದ ಅರ್ಜಿ ತಿರಸ್ಕೃತವಾಗುತ್ತದೆ, ಕ್ಯಾನ್ಸರ್ ರೋಗಿಗೆ ಔಷಧ ಯಾವ ರಾಜ್ಯದಿಂದ ಬಂದರೇನು? ಎರಡನೆಯದು ಇನ್ನೂ ಹರಿತ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಇದೇ ಬಗೆಯ ಕಾರ್ಯಕ್ರಮವೊಂದಿದೆ, ಎಪ್‌ಸ್ಕೋರ್. 1979ರಲ್ಲಿ ಅದು ಅರ್ಕನ್ಸಾ, ಮೇಯ್ನ್, ಮೊಂಟಾನ, ಸೌತ್ ಕೆರೊಲಿನಾ, ವೆಸ್ಟ್ ವರ್ಜೀನಿಯಾ ಎಂಬ ಐದು ರಾಜ್ಯಗಳಿಂದ ಆರಂಭವಾಯಿತು. ಆಗ ಅದರ ಹೆಸರಿನಲ್ಲಿ ‘ಪ್ರಾಯೋಗಿಕ’ ಎಂಬ ಪದವಿತ್ತು. ನಾಲ್ಕೂವರೆ ದಶಕವಾದರೂ ಆ ಐದೂ ರಾಜ್ಯಗಳು ಪಟ್ಟಿಯಲ್ಲೇ ಇವೆ, ಪಟ್ಟಿ ಉದ್ದವಾಗಿದೆ, 2017ರಲ್ಲಿ ‘ಪ್ರಾಯೋಗಿಕ’ ಹೋಗಿ ‘ಸ್ಥಾಪಿತ’ ಎಂಬ ಪದ ಬಂದಿದೆ. ಮೊದಲ ತಂಡದಲ್ಲಿ ಒಬ್ಬರೂ ಉತ್ತೀರ್ಣರಾಗದ ಶಾಲೆ ಇದೆಂಥದ್ದು ಎಂದು ಕೇಳಿದರೆ ತಪ್ಪೇನು?

ಉತ್ತರ ಕೊಡುವವರು ಹೇಳುವುದು ಹೀಗೆ: ಪಟ್ಟಿಯ ಅಳತೆಗೋಲು ರಾಜ್ಯದ ಪಾಲು. ಅರ್ಕನ್ಸಾ ಬೆಳೆಯುವಾಗ ಕ್ಯಾಲಿಫೋರ್ನಿಯಾ ಕೈಕಟ್ಟಿ ಕುಳಿತಿರುವುದಿಲ್ಲ. ಎಲ್ಲರೂ ಓಡುತ್ತಿರುವ ಓಟದಲ್ಲಿ ಕೊನೆಯವರು ಕೊನೆಯಲ್ಲೇ ಇದ್ದರೂ ಮೊದಲಿಗಿಂತ ವೇಗವಾಗಿ ಓಡುತ್ತಿರಬಹುದು. ಲಿಟಲ್ ರಾಕ್‌ನ ವಿಜ್ಞಾನಿ ವೇಯ್ನ್ ವಾಲ್ಸ್ ಎನ್‌ಐಎಚ್‌ನ ದತ್ತಾಂಶ ವಿಶ್ಲೇಷಿಸಿ, ಹಣ ಹೆಚ್ಚು ಸಿಗುವ ಸಂಸ್ಥೆಗಳಲ್ಲಿ ಪ್ರತಿ ಡಾಲರ್‌ಗೆ ಬರುವ ಫಲ ಕಡಿಮೆಯಾಗುತ್ತ ಹೋಗುತ್ತದೆ ಎಂದು ವಾದಿಸಿದ್ದಾರೆ. ಅವರು ‘ಐಡಿಯಾ’ ರಾಜ್ಯದವರೇ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ಅಂಕಿ ಅಂಶವನ್ನು ಊರಿನ ಹೆಸರು ಹೇಳಿ ತಳ್ಳಿಹಾಕಲಾಗದು.

ಎರಡೂ ಕಡೆ ತೂಗಿ ನೋಡಿದರೆ, ಸಣ್ಣ ರಾಜ್ಯಗಳಿಗೆ ಹಣ ಕೊಡುವ ತತ್ವಕ್ಕಿಂತ ‘ಐಡಿಯಾ’ದ ಪಟ್ಟಿ ಹೆಪ್ಪುಗಟ್ಟಿರುವುದೇ ದೊಡ್ಡ ದೋಷ ಎನಿಸುತ್ತದೆ. ಸೌತ್ ಕೆರೊಲಿನಾದ ದೊಡ್ಡ ವಿಶ್ವವಿದ್ಯಾಲಯಕ್ಕೂ ವಯೋಮಿಂಗ್‌ಗೂ ಒಂದೇ ಬಾಗಿಲು ಎಂಬುದು ಸಮರ್ಥಿಸಲು ಕಷ್ಟ.

ಸ್ವಾರಸ್ಯದ ಸಂಗತಿ ಎಂದರೆ, ಎನ್‌ಐಎಚ್‌ನ ಈಗಿನ ನಿರ್ದೇಶಕ ಜಯ್ ಭಟ್ಟಾಚಾರ್ಯ ಅವರೇ ಹಣ ಕೆಲವೇ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರೀಕೃತವಾಗಿದೆ ಎಂದು ದೂರುತ್ತಾರೆ. ಮಾತಿಗೆ ಬಂದರೆ ಅವರೂ ಇನ್‌ಬ್ರೆಯೂ ಒಂದೇ ಕಡೆ. ಭಿನ್ನತೆ ದಾರಿಯಲ್ಲಿದೆ: ದೊಡ್ಡವರ ಪಾಲು ಕತ್ತರಿಸಿದರೆ ಅದು ಸಣ್ಣವರಿಗೆ ತಾನಾಗಿ ಹರಿದು ಬರುತ್ತದೆ ಎಂಬುದು ಒಂದು ನಂಬಿಕೆ, ಹರಿಯಲು ಕಾಲುವೆ ಬೇಕು ಎಂಬುದು ಜಾಲದ ಅನುಭವ.

ನೂರರಲ್ಲಿ ನಲವತ್ತಾರು

ಇನ್ನು ರಾಜಕೀಯ ಲೆಕ್ಕ. ಅಮೆರಿಕದ ಸೆನೆಟ್‌ನಲ್ಲಿ ಜನಸಂಖ್ಯೆ ಎಷ್ಟೇ ಇರಲಿ, ರಾಜ್ಯಕ್ಕೆ ಎರಡೇ ಸ್ಥಾನ. 23 ರಾಜ್ಯಗಳೆಂದರೆ 46 ಸೆನೆಟರ್‌ಗಳು. ನೂರರಲ್ಲಿ ಹತ್ತಿರ ಹತ್ತಿರ ಅರ್ಧ. ಅನುದಾನ ಸಮಿತಿಯ ಅಧ್ಯಕ್ಷೆ ಸೂಸನ್ ಕಾಲಿನ್ಸ್ ಮೇಯ್ನ್‌ನವರು. ಆರೋಗ್ಯದ ಅನುದಾನ ನೋಡುವ ಉಪಸಮಿತಿಯ ಅಧ್ಯಕ್ಷೆ ಶೆಲ್ಲಿ ಮೂರ್ ಕ್ಯಾಪಿಟೊ ವೆಸ್ಟ್ ವರ್ಜೀನಿಯಾದವರು. ಆರೋಗ್ಯ ಸಮಿತಿಯ ಅಧ್ಯಕ್ಷ ಬಿಲ್ ಕ್ಯಾಸಿಡಿ ಲೂಯಿಸಿಯಾನದವರು, ಸ್ವತಃ ವೈದ್ಯರು. ಮೂವರೂ ರಿಪಬ್ಲಿಕನ್ನರು, ಮೂವರ ರಾಜ್ಯಗಳೂ ಪಟ್ಟಿಯಲ್ಲಿವೆ. ಶೇ 15ರ ಮಿತಿಯನ್ನು ಕಾಲಿನ್ಸ್ ಆರಂಭದಲ್ಲೇ ಬಹಿರಂಗವಾಗಿ ವಿರೋಧಿಸಿದರು. ಎಲ್ಲವನ್ನೂ ಈ ಪಟ್ಟಿಗೇ ಕಟ್ಟಿಹಾಕಬಾರದು. ಪಟ್ಟಿಯಲ್ಲಿಲ್ಲದ ಅಲಬಾಮದ ರಿಪಬ್ಲಿಕನ್ ಸೆನೆಟರ್ ಕೂಡ ಆತಂಕ ತೋರಿಸಿದ್ದರು, ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆ ಸಾವಿರಾರು ಜನರಿಗೆ ಅನ್ನ ಕೊಡುತ್ತದೆ.

ಕಾನೂನಿನ ಕೀಲಿಯೂ ಸಂಸತ್ತಿನಿಂದಲೇ ಬಂತು. 2017ರಲ್ಲಿ ಟ್ರಂಪ್ ಅವರ ಮೊದಲ ಸರ್ಕಾರ ಇದೇ ಪರೋಕ್ಷ ವೆಚ್ಚವನ್ನು ಶೇ 10ಕ್ಕೆ ಇಳಿಸಲು ಹೊರಟಿತ್ತು. ಆಗ ಸಂಸತ್ತು ದರದ ಪದ್ಧತಿ ಬದಲಿಸಲು ಹಣ ಬಳಸಕೂಡದೆಂದು ಅನುದಾನ ಕಾಯ್ದೆಯಲ್ಲಿ ಒಂದು ಷರತ್ತು ಸೇರಿಸಿತು, ಮುಂದಿನ ವರ್ಷಗಳಲ್ಲೂ ಅದನ್ನು ಉಳಿಸಿಕೊಂಡು ಬಂತು. 2025ರ ನ್ಯಾಯಾಲಯದ ತಡೆಗೆ ಇದೇ ಮುಖ್ಯ ಆಧಾರವಾಯಿತು.

ಇದರ ಇನ್ನೊಂದು ಮುಖ ಅಷ್ಟು ಹಿತವಲ್ಲ. ‘ಐಡಿಯಾ’ ನಡೆಸುವ ಸಂಸ್ಥೆಯೇ ನಡೆಸುತ್ತಿದ್ದ, ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳನ್ನು ಸಂಶೋಧನೆಗೆ ತರುವ ‘ಮಾರ್ಕ್’, ‘ಯು-ರೈಸ್’ ಯೋಜನೆಗಳು 2025ರ ವಸಂತದಲ್ಲಿ ಕೊನೆಗೊಂಡವು. ಉದ್ದೇಶ ಹೆಚ್ಚುಕಡಿಮೆ ಒಂದೇ, ಬಳಸುವ ಬೇಸಿಗೆ ತರಬೇತಿಯ ಉಪಾಯವೂ ಒಂದೇ. ಜನರನ್ನು ನೋಡಿ ರೂಪಿಸಿದ ಯೋಜನೆ ಬಿತ್ತು, ಭೂಪಟ ನೋಡಿ ರೂಪಿಸಿದ್ದು ಉಳಿಯಿತು. ಭೂಪಟಕ್ಕೆ 46 ಮತಗಳಿವೆ.

ಏಣಿಯ ಎರಡನೇ ಮೆಟ್ಟಿಲು

ಅನುದಾನದ ಒಟ್ಟು ಮೊತ್ತ ಉಳಿದರೂ ಅಪಾಯ ತಪ್ಪಿದಂತಲ್ಲ. ಎನ್‌ಐಎಚ್ ಹಿಂದೆ ಐದು ವರ್ಷದ ಯೋಜನೆಗೆ ವರ್ಷ ವರ್ಷ ಕಂತು ಕೊಡುತ್ತಿತ್ತು. 2025ರಲ್ಲಿ ಹಲವು ಯೋಜನೆಗಳಿಗೆ ಪೂರ್ತಿ ಹಣವನ್ನು ಆ ವರ್ಷದ ಚೀಲದಿಂದಲೇ ಎಣಿಸಿಕೊಡುವ ಕ್ರಮ ಬಂತು. ಒಬ್ಬರ ಐದೂ ಕಂತನ್ನು ಒಮ್ಮೆಗೇ ಕೊಟ್ಟರೆ ಅದೇ ಚೀಲದಲ್ಲಿ ಆ ವರ್ಷ ಕಡಿಮೆ ಜನರಿಗೆ ಸಿಗುತ್ತದೆ. ಹೊಸ ಅನುದಾನಗಳ ಸಂಖ್ಯೆ ಇಳಿದಾಗ ಮೊದಲು ಹೊರಬೀಳುವವರು ಹೆಸರಿಲ್ಲದವರು, ಮೊದಲ ಸಲ ಅರ್ಜಿ ಹಾಕುವವರು. ಇನ್‌ಬ್ರೆ ತಯಾರು ಮಾಡುವುದು ನಿಖರವಾಗಿ ಇವರನ್ನೇ. ಜಾಲ ಒಬ್ಬ ಅಧ್ಯಾಪಕರನ್ನು ಐದು ವರ್ಷ ಬೆಳೆಸಿ ರಾಷ್ಟ್ರಮಟ್ಟದ ಸ್ಪರ್ಧೆಗೆ ಕಳುಹಿಸುವ ಹೊತ್ತಿಗೆ ಆ ಸ್ಪರ್ಧೆಯ ಬಾಗಿಲು ಕಿರಿದಾಗಿರುತ್ತದೆ. ಆಮೇಲೆ ಅಂಕಿ ಅಂಶ ತೆಗೆದು ‘ಇಷ್ಟು ಹಣ ಕೊಟ್ಟರೂ ಗೆದ್ದು ಬಂದವರೆಷ್ಟು’ ಎಂದು ಕೇಳುವುದು ಸುಲಭ.

ಈ ರಾಜ್ಯಗಳ ಪ್ರಯೋಗಾಲಯಗಳು ಹೊರದೇಶದ ಪಿಎಚ್‌.ಡಿ. ವಿದ್ಯಾರ್ಥಿಗಳು ಮತ್ತು ಯುವ ಸಂಶೋಧಕರ ದುಡಿಮೆಯ ಮೇಲೂ ನಿಂತಿವೆ. ಕನ್ಸಾಸ್, ಒಕ್ಲಹೋಮ, ಲೂಯಿಸಿಯಾನಗಳಲ್ಲಿ ಕರ್ನಾಟಕದವರೂ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌–1ಬಿ ಉದ್ಯೋಗ ವೀಸಾ ಅರ್ಜಿಗೆ ವಿಧಿಸಿದ ಒಂದು ಲಕ್ಷ ಡಾಲರ್ ಶುಲ್ಕ ದೊಡ್ಡ ಕಂಪನಿಗೆ ಕಿರಿಕಿರಿ. ಸಣ್ಣ ರಾಜ್ಯದ ವಿಶ್ವವಿದ್ಯಾಲಯಕ್ಕೆ ಒಬ್ಬ ಸಂಶೋಧಕರ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು.

ನಮ್ಮಲ್ಲಿ ಜಾಲವಿದೆ, ಪರೀಕ್ಷೆ ನಡೆಸಲು

ಕರ್ನಾಟಕದ ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ ಕಾಲೇಜುಗಳಲ್ಲಿ ಬಹುಪಾಲು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ರಾಜ್ಯವ್ಯಾಪಿ ಕಾಲೇಜು ಜಾಲ ಎಂದರೆ ಇದಕ್ಕಿಂತ ದೊಡ್ಡದು ಬೇಕಿಲ್ಲ. ಆದರೆ ಈ ಜಾಲದಲ್ಲಿ ಮುಖ್ಯವಾಗಿ ಹರಿದಾಡುವುದು ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ, ಅಂಕಪಟ್ಟಿ.

ಬೇರೆ ಬಗೆಯ ಜಾಲ ಏನು ಮಾಡಬಲ್ಲದೆಂಬುದಕ್ಕೆ ಉದಾಹರಣೆಯೂ ಇಲ್ಲಿಯೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ವೈರಸ್ ಪತ್ತೆಗೆ ಪುಣೆಯ ವೈರಸ್ ಸಂಶೋಧನಾ ಕೇಂದ್ರವೇ ಬರಬೇಕಾಯಿತು. 2020ರಲ್ಲಿ ಕೋವಿಡ್ ಬಂದಾಗ ರಾಜ್ಯದಲ್ಲಿ ಮೊದಮೊದಲು ಪರೀಕ್ಷೆ ನಡೆಸಿದ ಕೆಲವೇ ಪ್ರಯೋಗಾಲಯಗಳಲ್ಲಿ ಹಾಸನ ಮತ್ತು ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿದ್ದವು. ಅವು ಆ ತಿಂಗಳು ಹುಟ್ಟಿಕೊಂಡವಲ್ಲ. ವೈರಸ್ ಪರೀಕ್ಷಾ ಪ್ರಯೋಗಾಲಯಗಳ ರಾಷ್ಟ್ರೀಯ ಜಾಲದ ಭಾಗವಾಗಿ ಅಲ್ಲಿ ಯಂತ್ರವೂ ಕೈ ಪಳಗಿದ ಸಿಬ್ಬಂದಿಯೂ ಮೊದಲೇ ಇದ್ದರು. ಯುದ್ಧಕಾಲೇ ಶಸ್ತ್ರಾಭ್ಯಾಸಕ್ಕೆ ಇಳಿಯಬೇಕಾಗಲಿಲ್ಲ.

ಈಗ 2023ರ ಕಾಯ್ದೆಯಡಿ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ‘ಪೇರ್’ ಎಂಬ ಯೋಜನೆ ತಂದಿದೆ. ಗಟ್ಟಿ ಸಂಸ್ಥೆಯೊಂದು ಚಕ್ರದ ಗುಂಬ, ಕೇಂದ್ರ ಮತ್ತು ರಾಜ್ಯ ವಿಶ್ವವಿದ್ಯಾಲಯಗಳು ಅರಗಳು. ಕೇಳಲು ಇನ್‌ಬ್ರೆಯ ಸೋದರಸಂಬಂಧಿ. ವ್ಯತ್ಯಾಸ ಇಳಿಯುವ ಆಳದಲ್ಲಿದೆ. ಇನ್‌ಬ್ರೆಯ ಅರಗಳು ಪದವಿ ಕಾಲೇಜಿನ ತನಕ, ಬುಡಕಟ್ಟಿನ ಎರಡು ವರ್ಷದ ಕಾಲೇಜಿನ ತನಕ ಹೋಗುತ್ತವೆ. ನಮ್ಮಲ್ಲಿ ಬಹುಪಾಲು ಪದವಿ ವಿದ್ಯಾರ್ಥಿಗಳು ಓದುವುದು ಸಂಯೋಜಿತ ಕಾಲೇಜುಗಳಲ್ಲಿ. ಅರಗಳು ವಿಶ್ವವಿದ್ಯಾಲಯದ ಗೇಟಿನಲ್ಲೇ ನಿಂತುಬಿಡುತ್ತವೆ.

ಗೇಟು ದಾಟಿಸಲು ಹೊರಟರೆ ಎದುರಾಗುವುದು ಮತ್ತೆ ಅದೇ ಸಮಯದ ಪ್ರಶ್ನೆ. ಸರ್ಕಾರಿ ವೈದ್ಯಕೀಯ ಕಾಲೇಜಿನ ಅಧ್ಯಾಪಕರು ಬೆಳಿಗ್ಗೆ ಹೊರರೋಗಿ ವಿಭಾಗ, ಮಧ್ಯಾಹ್ನ ಪಾಠ ಮುಗಿಸಿ, ಬಡ್ತಿಗೆ ಬೇಕಾದ ಪ್ರಬಂಧವನ್ನು ಉಳಿದ ಗಳಿಗೆಯಲ್ಲಿ ಬರೆಯುತ್ತಾರೆ. ಪದವಿ ಕಾಲೇಜುಗಳ ಸ್ಥಿತಿ ಇನ್ನೂ ಸ್ಪಷ್ಟ. ಮೊಂಟಾನದ ಕಾಲೇಜು ಒಬ್ಬ ಅತಿಥಿ ಉಪನ್ಯಾಸಕರನ್ನು ತೆಗೆದುಕೊಂಡರೆ, ಕಾಯಂ ಅಧ್ಯಾಪಕರೊಬ್ಬರು ಆ ಸೆಮಿಸ್ಟರ್ ಪ್ರಯೋಗಾಲಯಕ್ಕೆ ಹೋದರು ಎಂದು ಅರ್ಥವಾಗಬಹುದು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. ಅವರು ಬಂದಿರುವುದು ಕಾಯಂ ಹುದ್ದೆ ಖಾಲಿ ಇರುವುದರಿಂದ.